ಹೊಸ ಮಡ್‌ಗಾರ್ಡಿನ ಮೋಹ

ಹಳೆಯ ಕಾರುಗಳ ಹುಚ್ಚಿರುವವರ ನಡುವೆ ಒಂದು ಮಾತು ವೇದವಾಕ್ಯದಂತೆ ಓಡಾಡುತ್ತದೆ: ಫೈಬರ್ ಬಾಡಿ ಒಡೆದರೆ ಆ ಭಾಗ ಕಿತ್ತು ಹೊಸದು ಹಾಕಿ, ರಿಪೇರಿ ಮಾಡಿದ್ದು ಎರಡು ಬೇಸಿಗೆ ದಾಟುವುದಿಲ್ಲ. ರಿಪೇರಿ ಮಾಡಿದ್ದು ಮತ್ತೆ ಬಿರಿಯುತ್ತದೆ ಎನ್ನುವುದು ಬಹಳ ಸಲ ನಿಜವೇ. ಹಾಗೆಂದು ಕಿತ್ತೆಸೆಯಬೇಕು ಎನ್ನುವುದು ಮಾತ್ರ ಅವಸರದ ತೀರ್ಪು. ತಗಡಿನ ಕಾರಿನ ವಿದ್ಯೆಯನ್ನು ಫೈಬರಿನ ಮೇಲೆ ಪ್ರಯೋಗಿಸಿ, ಕೆಟ್ಟ ಹೆಸರನ್ನು ಫೈಬರಿಗೆ ಕಟ್ಟಿದ್ದೇವೆ.

ತಗಡಿಗೆ ಪೆಟ್ಟು ಬಿದ್ದರೆ ತಗ್ಗಾಗುತ್ತದೆ. ಟಿಂಕರಿಂಗ್‌ನವನು ಒಳಗಿನಿಂದ ಬಡಿದೆತ್ತಿ, ಉಳಿದ ಏರುಪೇರಿಗೆ ಪುಟ್ಟಿ ಬಳಿದು, ಎಮರಿ ಪೇಪರಿನಲ್ಲಿ ಉಜ್ಜಿ ಪೇಂಟ್ ಹೊಡೆಯುತ್ತಾನೆ. ಪುಟ್ಟಿಯ ಹಿಂದೆ ತಗಡು ಅಖಂಡವಾಗಿರುವುದರಿಂದ ಕೆಲಸ ನಿಲ್ಲುತ್ತದೆ. ಫೈಬರ್ ತಗ್ಗಾಗುವ ಪೈಕಿಯಲ್ಲ. ಬಾಗಿ ವಾಪಸು ಬರುತ್ತದೆ, ಇಲ್ಲವೇ ಒಡೆಯುತ್ತದೆ. ಒಡೆದಾಗ ಒಳಗಿನ ಗಾಜಿನ ಎಳೆಗಳು ಕಡಿದಿರುತ್ತವೆ. ಅದರ ಮೇಲೆ ಪುಟ್ಟಿ ಮೆತ್ತಿದರೆ ಎರಡು ತುಂಡುಗಳನ್ನು ಹಿಡಿದಿರುವುದು ಆ ಪುಟ್ಟಿಯೊಂದೇ. ಎಳೆಗಳಿಲ್ಲದ ಪುಟ್ಟಿ ಜಗ್ಗಾಟ ತಾಳದು.

ಸರಿಯಾದ ರಿಪೇರಿ ಬೇರೆಯೇ ಬಗೆಯದು. ಮೊದಲು ವ್ಯಾಕ್ಸ್, ಪಾಲಿಶ್ ಎಲ್ಲ ಒರೆಸಬೇಕು. ಒರೆಸದೆ ಗ್ರೈಂಡರ್ ಹಿಡಿದರೆ ಅದೇ ಜಿಡ್ಡು ಎಳೆಗಳೊಳಗೆ ಸೇರುತ್ತದೆ. ಆಮೇಲೆ ನಾಣ್ಯದಿಂದ ಸುತ್ತ ತಟ್ಟುತ್ತ ಹೋಗಬೇಕು. ಗಟ್ಟಿಯಿರುವಲ್ಲಿ ಸದ್ದು ಟಣ್ ಎನ್ನುತ್ತದೆ, ಪದರ ಬಿಟ್ಟಿರುವಲ್ಲಿ ಮಂಕಾಗುತ್ತದೆ. ಹಾನಿ ಕಣ್ಣಿಗೆ ಕಾಣುವುದಕ್ಕಿಂತ ದೂರ ಹಬ್ಬಿರುವುದು ಸಾಮಾನ್ಯ. ಬಿರುಕಿನ ಎರಡೂ ಬದಿಯನ್ನು ಇಳಿಜಾರಾಗಿ ಉಜ್ಜಿ, ಅದರ ಮೇಲೆ ರೆಸಿನ್ ಎಂಬ ಅಂಟಿನಲ್ಲಿ ತೋಯಿಸಿದ ಗಾಜಿನ ಪದರಗಳನ್ನು ಹಾಸಬೇಕು. ಇಳಿಜಾರಿನ ಅಗಲಕ್ಕೆ ದೋಣಿ ಕಟ್ಟುವವರ ಲೆಕ್ಕ ದಪ್ಪದ ಹನ್ನೆರಡು ಪಟ್ಟು, ಅಂದರೆ 3 ಮಿ.ಮೀ. ದಪ್ಪದ ಬಾಡಿಗೆ ಪ್ರತಿ ಬದಿಗೂ ಸುಮಾರು 36 ಮಿ.ಮೀ. ‘ಇಷ್ಟು ಚಿಕ್ಕ ಗೆರೆಗೆ ಅಷ್ಟಗಲ ಉಜ್ಜುವುದೇ?’ ಎಂದು ಮಾಲೀಕರು ಗಾಬರಿಯಾಗುವುದು ಇಲ್ಲಿಯೇ. ಅಷ್ಟಗಲ ಬೇಕು, ಏಕೆಂದರೆ ಒಣಗಿ ಗಟ್ಟಿಯಾದ ಹಳೆಯ ಪಾಲಿಯೆಸ್ಟರ್ ರೆಸಿನ್ ಮೇಲೆ ಹೊಸದು ಹೆಚ್ಚಾಗಿ ಒರಟು ಮೈಯನ್ನು ಕಚ್ಚಿಕೊಂಡೇ ನಿಲ್ಲಬೇಕು. ಎಪಾಕ್ಸಿ ರೆಸಿನ್ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಆದರೆ ಅದರೊಂದಿಗೆ ಸಾಮಾನ್ಯ ಚಾಪ್ಡ್ ಮ್ಯಾಟ್ ಹಾಕಬಾರದು: ಮ್ಯಾಟಿನ ಎಳೆಗಳನ್ನು ಒಟ್ಟಾಗಿಟ್ಟಿರುವ ಅಂಟು ಕರಗುವುದು ಪಾಲಿಯೆಸ್ಟರಿನ ಸ್ಟೈರೀನ್‌ನಲ್ಲಿ, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಎಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆಯೇ ಸರಿ. ಸಾಧ್ಯವಾದರೆ ಒಳಗಿನಿಂದಲೂ ಒಂದೆರಡು ಪದರ. ಪೇಂಟಿಗೆ ಮುನ್ನ ಕೆಲವು ದಿನ ಬಿಸಿಲಿಗೆ ಬಿಡಬೇಕು, ಇಲ್ಲದಿದ್ದರೆ ರೆಸಿನ್ ಆಮೇಲೆ ಕುಗ್ಗಿ ಬಟ್ಟೆಯ ನೇಯ್ಗೆ ಪೇಂಟಿನಲ್ಲಿ ಮೂಡುತ್ತದೆ.

ಇದನ್ನು ತೇಪೆ ಎನ್ನಲು ನನಗೆ ಮನಸ್ಸಿಲ್ಲ. ಕಾರ್ಖಾನೆಯಲ್ಲಿ ಆ ಬಾಡಿ ಹುಟ್ಟಿದ್ದೂ ಗಾಜು ಮತ್ತು ರೆಸಿನ್‌ನಿಂದಲೇ. ಮುರಿದಲ್ಲಿ ನಾವು ಮಾಡುವುದು ಅದೇ ಕೆಲಸ, ಚಿಕ್ಕ ಜಾಗದಲ್ಲಿ.

ಇಷ್ಟು ಮಾಡಿಯೂ ಬಿರುಕು ಮರಳಿದರೆ ಬಾಡಿಯನ್ನಲ್ಲ, ಅದು ಕೂತಿರುವ ಕಬ್ಬಿಣವನ್ನು ನೋಡಬೇಕು. ‘ಫೈಬರ್ ಕಾರು ತುಕ್ಕು ಹಿಡಿಯುವುದಿಲ್ಲ’ ಎನ್ನುವುದು ಈ ಲೋಕದ ಇನ್ನೊಂದು ಹುಸಿ ನಂಬಿಕೆ. ಅಮೆರಿಕದ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ 1963ರ ಸ್ಟಿಂಗ್ ರೇ ಮಾದರಿಯ ಫೈಬರಿನೊಳಗೆ ಉಕ್ಕಿನ ಪಂಜರವಿದೆ. ಮುಂಗಾಜಿನ ಚೌಕಟ್ಟಿನ ಮೂಲೆಯಲ್ಲಿ, ಬಾಗಿಲ ಕಂಬದಲ್ಲಿ ಅದು ತುಕ್ಕು ಹಿಡಿದು ಸಡಿಲವಾದರೆ ಮೇಲಿನ ಫೈಬರ್ ಎಷ್ಟು ಹೊಸದಾದರೂ ಸೀಳುತ್ತದೆ.

ಕಾರ್ವೆಟ್ಟನ್ನೇ ತೆಗೆದುಕೊಳ್ಳಿ, ಬದಲಾಯಿಸುವ ಪಕ್ಷದ ಪೊಳ್ಳು ಅಲ್ಲಿ ಚೆನ್ನಾಗಿ ಕಾಣುತ್ತದೆ. 1953ರಲ್ಲಿ ಫ್ಲಿಂಟ್‌ನಲ್ಲಿ ತಯಾರಾದ ಮೊದಲ 300 ಬಿಳಿ ಕಾರುಗಳಿಂದ ಹಿಡಿದು ಅದರ ಬಾಡಿ ಫೈಬರಿನದೇ. ಹಳೆಯ ಕಾರ್ವೆಟ್‌ಗಳಲ್ಲಿ ತುಂಡುಗಳು ಬೋಲ್ಟಿನಿಂದ ಕೂತಿಲ್ಲ, ಹಿಂದೆ ಪಟ್ಟಿಗಳನ್ನಿಟ್ಟು ಅಂಟಿಸಿದ್ದು. ಮುಂದಿನ ಮಡ್‌ಗಾರ್ಡ್ ಬದಲಿಸಬೇಕೆಂದರೆ ಆ ಕೀಲುಗಳನ್ನೆಲ್ಲ ಬಿಡಿಸಿ, ಮತ್ತೆ ಅಂಟಿಸಿ, ಉದ್ದಕ್ಕೂ ಉಜ್ಜಿ ತುಂಬಬೇಕು. ಒಂದು ಗೇಣು ಬಿರುಕಿಗೆ ಹೆದರಿ ಮಾರುದ್ದದ ರಿಪೇರಿಗೆ ಕೈಹಾಕಿದಂತಾಯಿತು. ಕೊಳ್ಳುವವರೂ ಜಾಣರು: ಟಾರ್ಚ್ ಹಿಡಿದು ಒಳಗೆ ಬಗ್ಗಿ ಮೂಲದ ಪಟ್ಟಿಗಳಿವೆಯೇ ಎಂದು ನೋಡುತ್ತಾರೆ. ಕಾರ್ಖಾನೆಯ ಅಚ್ಚಿನಲ್ಲಿ ಒತ್ತಿದ ಭಾಗದ ಒಳಮೈ ನುಣುಪು, ಕೈಯಿಂದ ಹಾಸಿದ ಬದಲಿ ಭಾಗದ್ದು ಒರಟು. ‘ಹೊಸ ಮುಂಭಾಗ’ ಎಂದು ಹೆಮ್ಮೆಪಟ್ಟವನ ಕಾರಿನ ಬೆಲೆ ಅಲ್ಲೇ ಇಳಿಯುತ್ತದೆ.

ನಮ್ಮ ಬೆಂಗಳೂರಿನ ಸಿಪಾನಿ ಡಾಲ್ಫಿನ್ ವಿಷಯದಲ್ಲಿ ಬದಲಾಯಿಸುವ ವಾದಕ್ಕೆ ಅವಕಾಶವೇ ಇಲ್ಲ. ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿ 1982ರಲ್ಲಿ ಬಂದ, 848 ಸಿಸಿ ಎಂಜಿನ್ನಿನ ಈ ಹಗುರ ಫೈಬರ್ ಕಾರನ್ನು 1983ರ ಕೊನೆಯಲ್ಲಿ ಬಂದ ಮಾರುತಿ 800 ಮೂಲೆಗೆ ತಳ್ಳಿತು. ಅದರ ಹೊಸ ಬಾನೆಟ್ ಯಾವ ಅಂಗಡಿಯಲ್ಲೂ ಕಾದು ಕೂತಿಲ್ಲ. ಫೈಬರ್ ಕೆಲಸ ಬಲ್ಲವನನ್ನು ಹುಡುಕಬೇಕು. ಅಂಥವರು ಕಾರಿನ ಗ್ಯಾರೇಜಿಗಿಂತ ನೀರಿನ ಟ್ಯಾಂಕ್, ಬಸ್ಸಿನ ಬಾಡಿ ಮಾಡುವ ಶೆಡ್ಡುಗಳಲ್ಲಿ ಸಿಗುವ ಸಂಭವ ಹೆಚ್ಚು. ಗ್ಯಾರೇಜಿನವರು ‘ಬದಲಾಯಿಸಿ’ ಎನ್ನುವುದರ ಹಿಂದೆ ಇನ್ನೊಂದು ಗುಟ್ಟೂ ಇದೆ ಎಂಬುದು ನನ್ನ ಅನುಮಾನ: ಹೊಸ ಭಾಗಕ್ಕೆ ಬಿಲ್ ಬರೆಯುವುದು ಸುಲಭ, ಉಜ್ಜುವ ಗಂಟೆಗಳಿಗೆ ಕಷ್ಟ.

ಬದಲಿಸಲೇಬೇಕಾದ ಸಂದರ್ಭಗಳು ಇಲ್ಲವೆಂದಲ್ಲ. ಬೆಂಕಿಯಲ್ಲಿ ರೆಸಿನ್ ಸುಟ್ಟು ಬರೀ ಗಾಜು ಉಳಿದಿದ್ದರೆ, ಪೇಂಟ್ ತೆಗೆಯುವ ರಾಸಾಯನಿಕ ಬಹಳ ಹೊತ್ತು ಕೂತು ಬಾಡಿ ಮೆತ್ತಗಾಗಿದ್ದರೆ, ಹಿಂದಿನವರ ಪುಟ್ಟಿಯ ಕೆಳಗೆ ಗಟ್ಟಿ ಅಂಚೇ ಸಿಗದಿದ್ದರೆ ಬದಲಿಸಿ. ಆಗಲೂ ಇಡೀ ಮಡ್‌ಗಾರ್ಡ್ ಕೀಳುವ ಮೊದಲು, ಹೊಸದರಿಂದ ಬೇಕಾದಷ್ಟೇ ತುಂಡು ಕತ್ತರಿಸಿ, ಅಂಚನ್ನು ಇಳಿಜಾರು ಮಾಡಿ ಹಳೆಯದಕ್ಕೆ ಕೂಡಿಸಲಾಗುತ್ತದೆಯೇ ಎಂದು ಕೇಳಿ ನೋಡಿ.