ಮರಳಿ ಕಾಲೇಜಿಗೆ ಬರುವವರು ಯಾರ ಲೆಕ್ಕದಲ್ಲಿದ್ದಾರೆ?

ನಮ್ಮ ಸರ್ಕಾರಗಳ ಶಿಕ್ಷಣ ಯೋಜನೆಗಳನ್ನು ಓದುವಾಗ ಒಬ್ಬ ವಿದ್ಯಾರ್ಥಿಯ ಚಿತ್ರ ಕಣ್ಣ ಮುಂದೆ ಬರುತ್ತದೆ. ಅವನಿಗೆ ಹದಿನೆಂಟು ವರ್ಷ. ಪಿಯುಸಿ ಮುಗಿದ ಕೂಡಲೇ ಪದವಿಗೆ ಸೇರಿದವನು. ಹಗಲೆಲ್ಲ ತರಗತಿಯಲ್ಲಿ ಕೂರಬಲ್ಲವನು. ಅವನ ಅನ್ನ ದುಡಿಯಲು ಮನೆಯಲ್ಲಿ ಬೇರೆಯವರಿದ್ದಾರೆ. ಆದರೆ ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ಓದಬಯಸುವವರೆಲ್ಲ ಈ ಚಿತ್ರದಂತಿಲ್ಲ.

ಇಲ್ಲಿ ಅನೇಕರ ಓದು ನಿಂತದ್ದು ಸೋಮಾರಿತನದಿಂದಲ್ಲ. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಸಂಡೂರಿನ ಬೆಟ್ಟಗಳಿಂದ ಲಾರಿಗಳು ಸಾಲುಗಟ್ಟಿದವು. ಲಾರಿಯ ಸಂಬಳ ಕೂಡಲೇ ಕೈಗೆ ಸಿಗುತ್ತಿತ್ತು; ಪದವಿಯ ಫಲ ಮೂರು ವರ್ಷ ದೂರವಿತ್ತು. ಕ್ಲೀನರ್, ಡ್ರೈವರ್ ಆಗಿ ಹೋದ ಹುಡುಗರು ಪುಸ್ತಕ ಬದಿಗಿಟ್ಟರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ ಲಾರಿಯೂ ನಿಂತಿತು, ಸಂಬಳವೂ ನಿಂತಿತು. ಇನ್ನು ಹುಡುಗಿಯರ ಪುಸ್ತಕ ಮದುವೆಯ ದಿನವೇ ಅಟ್ಟ ಸೇರಿತ್ತು. ಇವರಿಗೆಲ್ಲ ಈಗ ಮೂವತ್ತೈದು, ನಲವತ್ತು.

ಇಂಥವರು ಮರಳಿ ಓದಲು ಹೊರಟರೆ ಸಿಗುವುದೇನು? ಕೇಂದ್ರವು ಕಾಲೇಜು ವಿದ್ಯಾರ್ಥಿಗಳಿಗೆ ಕೊಡುವ ಪ್ರತಿಭಾ ವಿದ್ಯಾರ್ಥಿವೇತನ ರೆಗ್ಯುಲರ್ ಕೋರ್ಸಿಗೆ ಮಾತ್ರ; ದೂರಶಿಕ್ಷಣಕ್ಕಿಲ್ಲ. ಅಲ್ಪಸಂಖ್ಯಾತರಿಗಾಗಿ 2007ರಲ್ಲಿ ಬಂದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಹಿಂದಿನ ಪರೀಕ್ಷೆಯಲ್ಲಿ ಶೇ. 50 ಅಂಕ ಕೇಳಿತು. ಹದಿನೈದು ವರ್ಷದ ಹಿಂದೆ ಶೇ. 45 ಪಡೆದ ತಾಯಿಗೆ ಆ ಅಂಕಪಟ್ಟಿಯೇ ಅಡ್ಡಗೋಡೆ. 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಯುವನಿಧಿ, ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಒಳ್ಳೆಯದೇ. ಆದರೆ ಅರ್ಧಕ್ಕೆ ಬಿಟ್ಟ ಪದವಿಯನ್ನು ಮುಗಿಸಲು ಬರುವವರಿಗೆ?

ಇಂಥವರಿಗೆ ಉಳಿದ ದೊಡ್ಡ ಬಾಗಿಲು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಅದರ ಕೋರ್ಸುಗಳ ಯುಜಿಸಿ ಮಾನ್ಯತೆಯೂ 2013ರಿಂದ ಕೆಲವು ವರ್ಷ ಇರಲಿಲ್ಲ. 2018ರಲ್ಲಷ್ಟೇ ಮರಳಿ ಸಿಕ್ಕಿತು. ಹಂಪಿಯ ಪಕ್ಕದಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ಅದು ಸಂಶೋಧನೆಗೆಂದು ಕಟ್ಟಿದ ಸಂಸ್ಥೆ, ಬಿ.ಎ. ಅರ್ಧಕ್ಕೆ ಬಿಟ್ಟ ಆಟೊ ಚಾಲಕನಿಗೆ ಅದರ ಗೇಟಿನ ಮುಂದೆ ಬಾಡಿಗೆ ಸಿಕ್ಕೀತು, ಪ್ರವೇಶ ಸಿಗದು. 2023ರ ಶಕ್ತಿ ಯೋಜನೆಯಿಂದ ಕಂಪ್ಲಿಯ ಹೆಣ್ಣುಮಗಳು ಹೊಸಪೇಟೆಗೆ ಟಿಕೆಟ್ ದುಡ್ಡಿಲ್ಲದೆ ಬರಬಲ್ಲಳು. ಆದರೆ ಬಸ್ಸಿಳಿದ ಮೇಲೆ ಕಾಲೇಜಿನ ವೇಳೆ ಅವಳ ದುಡಿಮೆಯ ವೇಳೆಗೆ ಹೊಂದಬೇಕಲ್ಲ!

ಮಕ್ಕಳ ಓದಿಗೇ ಹಣ ಸಾಲದಿರುವಾಗ ದೊಡ್ಡವರಿಗೇಕೆ ಎಂದು ಕೆಲವರು ಕೇಳುತ್ತಾರೆ. ಬೇರೆ ಕಡೆ ಇದು ನ್ಯಾಯವಾದ ಪ್ರಶ್ನೆ. ಇಲ್ಲಿ ಅಲ್ಲ. 2015ರ ತಿದ್ದುಪಡಿ ಕಾಯ್ದೆಯಂತೆ ಗಣಿ ಮಾಲೀಕರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟಬೇಕು. ಗಣಿಬಾಧಿತ ಜನರಿಗಾಗಿ ಇರುವ ಆ ನಿಧಿಯ ಆದ್ಯತೆಗಳಲ್ಲಿ ಶಿಕ್ಷಣವೂ ಒಂದು. ಶಿಕ್ಷಣವೆಂದರೆ ಕಟ್ಟಡ, ಕೊಠಡಿ, ಕಾಂಪೌಂಡ್ ಮಾತ್ರವೇ? ಯಾವ ಅದಿರು ಆ ಹುಡುಗರನ್ನು ತರಗತಿಯಿಂದ ಎಳೆದೊಯ್ದಿತೋ, ಅದೇ ಅದಿರಿನ ಹಣ ಅವರ ಶುಲ್ಕ ಕಟ್ಟಿದರೆ ಅದು ದಾನವಲ್ಲ, ಸಾಲ ತೀರಿಸಿದಂತೆ.

ಇದು ಕನಸಿನ ಮಾತೂ ಅಲ್ಲ. ಅಮೆರಿಕದ ಟೆನೆಸ್ಸಿ ರಾಜ್ಯ 2018ರಿಂದ, ಪದವಿಯಿಲ್ಲದ ವಯಸ್ಕರು ಸಮುದಾಯ ಕಾಲೇಜಿಗೆ ಮರಳಿದರೆ, ಬೇರೆ ನೆರವು ಕಳೆದು ಉಳಿದ ಬೋಧನಾ ಶುಲ್ಕವನ್ನು ತಾನೇ ಭರಿಸುತ್ತಿದೆ. ದುಡಿಯುತ್ತಲೇ ಅರೆಕಾಲಿಕವಾಗಿ ಓದುವವರಿಗೂ ಅದು ಸಿಗುತ್ತದೆ. ನಮಗೆ ಬೇಕಾದದ್ದೂ ಅಷ್ಟೇ: ಇಪ್ಪತ್ತೈದು ದಾಟಿದವರಿಗೆ ಹಳೆಯ ಅಂಕ ಕೇಳದ ಶುಲ್ಕ ನೆರವು, ದೂರಶಿಕ್ಷಣಕ್ಕೂ ಅದರ ಅನ್ವಯ, ತಾಲ್ಲೂಕು ಕೇಂದ್ರದಲ್ಲಿ ಸಂಜೆ ತರಗತಿ.

ಮಗುವಿನ ಕೈಗೆ ಸರ್ಕಾರ ಪುಸ್ತಕ ಕೊಟ್ಟಿದೆ. ಪಕ್ಕದಲ್ಲಿ ಕೂತು ತನ್ನದೂ ಒಂದು ಪುಸ್ತಕ ಬಿಡಿಸುವ ತಾಯಿಯನ್ನು ಅದು ವಿದ್ಯಾರ್ಥಿಯೆಂದು ಒಪ್ಪುವುದು ಯಾವಾಗ?