ಕ್ಲಿಕ್ಕಿಗೆ ಹೊಸ ಜಾಗ ಹುಡುಕುವ ಮುನ್ನ

ಮ್ಯಾಕ್‌ಓಎಸ್‌ನ ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಆಟೊಮೇಷನ್ ಸ್ಕ್ರಿಪ್ಟುಗಳು ನಿಂತುಹೋದರೆ ಹೆಚ್ಚಿನವರು ಹಿಡಿಯುವ ದಾರಿ ಒಂದೇ. ಸ್ಕ್ರಿಪ್ಟ್ ತೆರೆಯುತ್ತಾರೆ, ಯಾವ ಬಟನ್ ಎಲ್ಲಿಗೆ ಹೋಗಿ ಕೂತಿದೆ ಎಂದು ಹುಡುಕುತ್ತಾರೆ, ಮೊದಲನೇ ಗುಂಪು ಎಂದಿದ್ದ ಕಡೆ ಎರಡನೇ ಗುಂಪು ಎಂದು ತಿದ್ದುತ್ತಾರೆ, ನಡುವೆ ಎರಡು ಸೆಕೆಂಡಿನ ವಿರಾಮ ಸೇರಿಸುತ್ತಾರೆ. ಓಡಿತು ಎಂದಾದರೆ ಮುಚ್ಚಿಡುತ್ತಾರೆ. ಮುಂದಿನ ವರ್ಷದ ಅಪ್‌ಡೇಟ್ ಬಂದಾಗ ಅದೇ ಸ್ಕ್ರಿಪ್ಟ್ ಅದೇ ಸಾಲಿನಲ್ಲಿ ಮತ್ತೆ ಮುರಿಯುತ್ತದೆ. ಮುರಿದ ಸ್ಕ್ರಿಪ್ಟ್ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಬಟನ್ ಎಲ್ಲಿದೆ ಎಂಬುದಾಗಬಾರದು. ಈ ಕೆಲಸಕ್ಕೆ ಬಟನ್ ಒತ್ತುವ ಅಗತ್ಯ ನಿಜಕ್ಕೂ ಇದೆಯೇ ಎಂಬುದಾಗಬೇಕು. ದುರಸ್ತಿಯ ನೆಪದಲ್ಲಿ ಸ್ಕ್ರಿಪ್ಟನ್ನು ಪರದೆಯ ಮೇಲ್ಮೈಯಿಂದ ಒಂದು ಪದರ ಕೆಳಕ್ಕೆ ಇಳಿಸದಿದ್ದರೆ ಆ ದುರಸ್ತಿ ಅರ್ಧಕ್ಕೇ ನಿಂತಂತೆ ಎಂಬುದು ನನ್ನ ವಾದ.

2022ರ ವೆಂಚುರಾ ಆವೃತ್ತಿ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿಯವರೆಗೆ ಸಿಸ್ಟಮ್ ಪ್ರಿಫರೆನ್ಸಸ್ ಎಂದಿದ್ದ ಆ್ಯಪ್ ಸಿಸ್ಟಮ್ ಸೆಟ್ಟಿಂಗ್ಸ್ ಆಯಿತು. ಹೆಸರಿನ ಜೊತೆಗೆ ಒಳಗಿನ ವಿಂಡೊಗಳ ಕಟ್ಟಡವೇ ಬದಲಾಯಿತು. ಐಕಾನ್‌ಗಳ ಸಾಲು ಹೋಗಿ ಎಡಬದಿಯಲ್ಲಿ ಉದ್ದನೆಯ ಪಟ್ಟಿ ಬಂತು. ಪರದೆಯನ್ನು ಕಪ್ಪಾಗಿಸುವ ಡಾರ್ಕ್ ಮೋಡ್ ಸ್ಕ್ರಿಪ್ಟನ್ನೇ ನೋಡಿ. 2018ರ ಮೊಹಾವೆಯಿಂದ ಇದನ್ನು ಎರಡು ರೀತಿಯಲ್ಲಿ ಬರೆಯಬಹುದಿತ್ತು. ಪ್ರಿಫರೆನ್ಸಸ್ ತೆರೆದು, ಜನರಲ್ ಪುಟಕ್ಕೆ ಹೋಗಿ, ಡಾರ್ಕ್ ಎಂಬ ಆಯ್ಕೆಯ ಮೇಲೆ ಕ್ಲಿಕ್ ಮಾಡಿಸುವುದು ಒಂದು. ಸಿಸ್ಟಮ್ ಈವೆಂಟ್ಸ್ ಎಂಬ ಹಿನ್ನೆಲೆಯ ಆ್ಯಪ್‌ಗೆ, ನೋಟದ ಆದ್ಯತೆಗಳಲ್ಲಿ ಡಾರ್ಕ್ ಮೋಡನ್ನು ಈಗಿರುವುದಕ್ಕೆ ತಿರುವುಮುರುವು ಮಾಡು ಎಂದು ಒಂದೇ ಸಾಲಿನಲ್ಲಿ ಹೇಳುವುದು ಇನ್ನೊಂದು. ವೆಂಚುರಾ ಬಂದಾಗ ಮೊದಲನೆಯದು ಮೂರು ಕಡೆ ಮುರಿಯಿತು: ಆ್ಯಪ್‌ನ ಹೆಸರು ಬೇರೆ, ಪುಟ ಬೇರೆ, ಬಟನ್ ಕೂತ ಗುಂಪು ಬೇರೆ. ಎರಡನೆಯದಕ್ಕೆ ಏನೂ ಆಗಲಿಲ್ಲ. ಹೀಗೆ ಎರಡು ರೀತಿಯಲ್ಲಿ ಬರೆದ ಇಬ್ಬರೂ ಬೇಡಿದ್ದು ಒಂದೇ ಫಲವನ್ನು. ಆದರೆ ಒಬ್ಬರು ಊರಿನಲ್ಲಿ ಮನೆ ಹುಡುಕಲು ಹುಣಸೆಮರ ದಾಟಿ ಮೂರನೆಯದು ಎಂಬ ಗುರುತನ್ನು ನಂಬಿದರು, ಇನ್ನೊಬ್ಬರು ಮನೆಯವರ ಹೆಸರು ಹಿಡಿದು ಕೇಳಿದರು.

ಆ್ಯಪ್‌ಗಳು ತಾವಾಗಿ ಒಪ್ಪಿಕೊಳ್ಳುವ ಇಂಥ ಆಜ್ಞೆಗಳ ಪಟ್ಟಿಗೆ, ಮ್ಯಾಕ್‌ನ ಸ್ಕ್ರಿಪ್ಟಿಂಗ್ ಭಾಷೆಯಾದ ಆಪಲ್‌ಸ್ಕ್ರಿಪ್ಟ್ ಬಳಸುವವರು ಡಿಕ್ಷನರಿ ಎನ್ನುತ್ತಾರೆ. ಸ್ಕ್ರಿಪ್ಟ್ ಎಡಿಟರ್‌ನಲ್ಲಿ ಅದನ್ನು ತೆರೆದು ಓದಬಹುದು, ಮತ್ತು ದುರಸ್ತಿಗೆ ಕೂತವರು ಮೊದಲು ಓದಬೇಕಾದದ್ದೂ ಅದನ್ನೇ. ಡಿಕ್ಷನರಿಯಲ್ಲಿರುವ ಪದಗಳ ಹಿಂದೆ ನಾಲ್ಕಕ್ಷರದ ಸಂಕೇತಗಳಿವೆ. ಯಾವುದೋ ಆ್ಯಪ್ ಕಾಣೆಯಾದಾಗ ಹಳೆಯ ಸ್ಕ್ರಿಪ್ಟ್ ತೆರೆದರೆ ಇಂಗ್ಲಿಷ್ ವಾಕ್ಯದಂತೆ ಓದುತ್ತಿದ್ದ ಸಾಲುಗಳು ಜೋಡಿ ಕೋನದ ಆವರಣಗಳೊಳಗಿನ ಅರ್ಥವಾಗದ ಅಕ್ಷರಗಳಾಗಿ ಕಾಣುವುದುಂಟು. ಫೈಲು ಕೆಟ್ಟಿತೆಂದು ಅನೇಕರು ಅದನ್ನು ಅಲ್ಲಿಯೇ ಅಳಿಸಿಬಿಡುತ್ತಾರೆ, ನೋಡಿದರೆ ಸಂಕಟವಾಗುತ್ತದೆ. ಕೆಟ್ಟಿದ್ದು ಏನೂ ಇಲ್ಲ. 1991ರ ಸಿಸ್ಟಮ್ 7ರ ಜೊತೆ ಬಂದ ಆಪಲ್ ಈವೆಂಟ್ ವ್ಯವಸ್ಥೆ ಸಂದೇಶಗಳನ್ನು ಸಾಗಿಸುವುದೇ ಆ ಸಂಕೇತಗಳಲ್ಲಿ. ಮೇಲಿನ ಇಂಗ್ಲಿಷ್ ಪದಗಳು ನಮ್ಮ ಅನುಕೂಲಕ್ಕೆ 1993ರಲ್ಲಿ ಆಪಲ್‌ಸ್ಕ್ರಿಪ್ಟ್ ಹೊದಿಸಿದ ಬಟ್ಟೆ. 2019ರ ಕ್ಯಾಟಲೀನಾದಲ್ಲಿ ಐಟ್ಯೂನ್ಸ್ ಒಡೆದು ಮ್ಯೂಸಿಕ್, ಟಿವಿ, ಪಾಡ್‌ಕಾಸ್ಟ್ಸ್ ಎಂಬ ಮೂರು ಆ್ಯಪ್‌ಗಳಾದಾಗ ಈ ಕೆಳಪದರದ ಗಟ್ಟಿತನ ಎದ್ದು ಕಂಡಿತು. ಮ್ಯೂಸಿಕ್ ತನ್ನ ಆಜ್ಞೆಗಳಲ್ಲಿ ಬಹುಪಾಲನ್ನು ಐಟ್ಯೂನ್ಸ್‌ನಿಂದಲೇ ಪಡೆದಿತ್ತು. ಹಾಡು, ಪ್ಲೇಲಿಸ್ಟ್, ರೇಟಿಂಗ್‌ಗಳನ್ನು ಡಿಕ್ಷನರಿಯ ಮೂಲಕ ನಿರ್ವಹಿಸುತ್ತಿದ್ದ ಸ್ಕ್ರಿಪ್ಟುಗಳಲ್ಲಿ ಎಷ್ಟೋ ಕಡೆ ಆ್ಯಪ್‌ನ ಹೆಸರೊಂದನ್ನು ಬದಲಿಸಿದರೆ ಸಾಕಾಗಿತ್ತು. ಮೆನು ಮತ್ತು ವಿಂಡೊಗಳನ್ನು ತಡವುತ್ತಿದ್ದವುಗಳನ್ನು ಮಾತ್ರ ಹೊಸದಾಗಿಯೇ ಬರೆಯಬೇಕಾಯಿತು.

ಎಲ್ಲ ಮುರಿತಕ್ಕೂ ಪರದೆಯ ಮೇಲಿನ ಕ್ಲಿಕ್ಕೇ ಕಾರಣವಲ್ಲ ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಮೊಹಾವೆಯಿಂದೀಚೆಗೆ ಒಂದು ಆ್ಯಪ್ ಇನ್ನೊಂದಕ್ಕೆ ಆಪಲ್ ಈವೆಂಟ್ ಕಳಿಸಬೇಕಾದರೆ ಬಳಕೆದಾರರ ಅನುಮತಿ ಬೇಕು. ಅನುಮತಿ ಜೋಡಿಗೊಂದರಂತೆ ಇರುತ್ತದೆ: ಟರ್ಮಿನಲ್‌ನಿಂದ ಫೈಂಡರ್‌ಗೆ ಕೊಟ್ಟದ್ದು ಸ್ಕ್ರಿಪ್ಟ್ ಎಡಿಟರ್‌ನಿಂದ ಫೈಂಡರ್‌ಗೆ ಸಲ್ಲದು. ಎಡಿಟರ್‌ನಲ್ಲಿ ಓಡುವ ಸ್ಕ್ರಿಪ್ಟ್ ಬೇರೆ ಕಡೆಯಿಂದ ಓಡದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಹೀಗಾಗಿ ತಿದ್ದುವುದಕ್ಕೆ ಮೊದಲು ದೋಷದ ಸಂಖ್ಯೆ ಓದಬೇಕು. -1743 ಬಂದರೆ ಆಪಲ್ ಈವೆಂಟ್‌ಗೆ ಅನುಮತಿ ಇಲ್ಲ. -25211 ಬಂದರೆ ಪರದೆಯ ನಿಯಂತ್ರಣಗಳನ್ನು ಮುಟ್ಟಲು ಬೇಕಾದ ಆ್ಯಕ್ಸೆಸಿಬಿಲಿಟಿ ಅನುಮತಿ ಇಲ್ಲ. ಇವೆರಡರಲ್ಲೂ ಸ್ಕ್ರಿಪ್ಟಿನ ಒಂದಕ್ಷರವನ್ನೂ ಮುಟ್ಟಬೇಕಾಗಿಲ್ಲ. -1728 ಬಂದರೆ ಮಾತ್ರ ನಾವು ಹೇಳಿದ ವಸ್ತು ಹೇಳಿದ ಜಾಗದಲ್ಲಿಲ್ಲ ಎಂದರ್ಥ. ಇಲ್ಲಿ ಇನ್ನೊಂದು ತೊಡಕಿದೆ. ಡೆವಲಪರ್ ಸಹಿಯಿಲ್ಲದೆ ಆ್ಯಪ್ ಆಗಿ ಉಳಿಸಿದ ಸ್ಕ್ರಿಪ್ಟನ್ನು ತಿದ್ದಿ ಮತ್ತೆ ಉಳಿಸಿದರೆ ವ್ಯವಸ್ಥೆಯ ಕಣ್ಣಿಗೆ ಅದು ಹೊಸದೇ ಆ್ಯಪ್. ಆ್ಯಕ್ಸೆಸಿಬಿಲಿಟಿ ಅನುಮತಿಯ ಪಟ್ಟಿಯಲ್ಲಿ ಹಳೆಯ ಹೆಸರಿನ ಮುಂದೆ ಗುರುತು ಹಾಗೆಯೇ ಇರುತ್ತದೆ, ಅನುಮತಿ ಮಾತ್ರ ಕೆಲಸ ಮಾಡುವುದಿಲ್ಲ. ಹೆಸರನ್ನು ತೆಗೆದು ಮರಳಿ ಸೇರಿಸಬೇಕು. ಇದೆಲ್ಲ ಕಂಪನಿಯ ಕಿರುಕುಳ ಎಂದು ದೂರುವವರ ಸಿಟ್ಟು ಅರ್ಥವಾಗುತ್ತದೆ, ಆದರೆ ನಾನು ಅವರ ಪರವಾಗಿಲ್ಲ. ನಮ್ಮ ಮೇಲ್ ಓದಲು ನಮ್ಮ ಸ್ಕ್ರಿಪ್ಟ್ ಬಳಸುವ ಬಾಗಿಲನ್ನೇ ಕಳ್ಳ ತಂತ್ರಾಂಶವೂ ಬಳಸುತ್ತದೆ. ಪಾಸ್‌ವರ್ಡ್ ಕದಿಯಲು ಆಪಲ್‌ಸ್ಕ್ರಿಪ್ಟಿನ ಸಂವಾದ ಪೆಟ್ಟಿಗೆಯನ್ನೇ ನಕಲಿಯಾಗಿ ತೋರಿಸಿದ ದುಷ್ಟ ಪ್ರೋಗ್ರಾಮ್‌ಗಳು ಇವೆ. ಒಂದು ಸಲ ಅನುಮತಿ ಕೇಳುವುದು ಅವನ್ನು ತಡೆಯಲು ತೆರುವ ದುಬಾರಿ ಬೆಲೆಯೇನಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ ಡಿಕ್ಷನರಿಯೂ ಶಾಶ್ವತವಲ್ಲ ಎಂಬುದು. ಮ್ಯಾಕ್‌ಗೆ ಹೊಸ ಔಟ್‌ಲುಕ್ ಬಂದಾಗ ಹಳೆಯದರಲ್ಲಿದ್ದ ಆಪಲ್‌ಸ್ಕ್ರಿಪ್ಟ್ ಬೆಂಬಲ ಅದರಲ್ಲಿರಲಿಲ್ಲ. ಶಿಸ್ತಿನಿಂದ ಬರೆದವರೂ ಬೀದಿಗೆ ಬಿದ್ದರು. 2016ರಲ್ಲಿ ಆಪಲ್ ಕಂಪನಿ ತನ್ನ ಆಟೊಮೇಷನ್ ತಂತ್ರಜ್ಞಾನಗಳ ಪ್ರಾಡಕ್ಟ್ ಮ್ಯಾನೇಜರ್ ಸಾಲ್ ಸೊಗೊಯನ್ ಅವರ ಹುದ್ದೆಯನ್ನೇ ರದ್ದು ಮಾಡಿದಾಗ ಆಪಲ್‌ಸ್ಕ್ರಿಪ್ಟಿನ ಕಥೆ ಮುಗಿಯಿತು ಎಂದವರು ಕಡಿಮೆಯೇನಿರಲಿಲ್ಲ. 2021ರಲ್ಲಿ ಶಾರ್ಟ್‌ಕಟ್ಸ್ ಎಂಬ ಆಟೊಮೇಷನ್ ಆ್ಯಪ್ ಮ್ಯಾಕ್‌ಗೆ ಬಂದಾಗಲೂ ಅದೇ ಮಾತು. ಅಳಿವಿನ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಎರಡು ಪದರಗಳ ಆಯಸ್ಸನ್ನು ಹೋಲಿಸಿ ನೋಡಬೇಕು. ಬಟನ್‌ಗಳ ಜಾಗ ವರ್ಷಕ್ಕೊಮ್ಮೆ ಬದಲಾಗಬಹುದು; ಮೂವತ್ತು ವರ್ಷ ದಾಟಿದ ಆಪಲ್ ಈವೆಂಟ್ ಇಂದಿಗೂ ಓಡುತ್ತಿದೆ. ಎರಡೂ ಸಾಯುವವೇ ಆದರೆ ದೀರ್ಘಾಯುವಿನ ಮೇಲೆ ಭಾರ ಹಾಕುವುದರಲ್ಲಿ ಬುದ್ಧಿಯಿದೆ. ಡಿಕ್ಷನರಿ ಇಲ್ಲದ ಕಡೆ ಶೆಲ್ ಆಜ್ಞೆ, ಅದೂ ಇಲ್ಲದಿದ್ದರೆ ಶಾರ್ಟ್‌ಕಟ್ಸ್, ಕೊನೆಗೆ ಮಾತ್ರ ಕ್ಲಿಕ್. ಶೆಲ್‌ಗೆ ಇಳಿದವರೂ ಆಪಲ್ ಜೊತೆಗಿಟ್ಟು ಕೊಟ್ಟದ್ದನ್ನೇ ನಂಬಿ ಕೂರಬಾರದು: 2021ರ ಮಾಂಟೆರೆಯಲ್ಲಿ ಪಿಎಚ್‌ಪಿ ಹೋಯಿತು, 2022ರ ಮಾರ್ಚಿನಲ್ಲಿ ಅದರ 12.3 ಆವೃತ್ತಿಯಲ್ಲಿ ಪೈಥಾನ್ 2 ಹೋಯಿತು. ಸ್ಕ್ರಿಪ್ಟಿಗೆ ಬೇಕಾದ ಪೈಥಾನನ್ನು ನಾವೇ ಹಾಕಿಕೊಂಡು ಅದರ ದಾರಿಯನ್ನು ಮೊದಲ ಸಾಲಿನಲ್ಲಿ ಬರೆಯಬೇಕು.

ಅಪ್‌ಡೇಟ್ ಮಾಡದಿದ್ದರಾಯಿತು ಎನ್ನುವವರಿಗೆ ಉತ್ತರ ಚಿಕ್ಕದು. ಭದ್ರತಾ ತೇಪೆಗಳು ಹಳೆಯ ಆವೃತ್ತಿಗಳಿಗೆ ಕೊನೆಯವರೆಗೂ ಬರುವುದಿಲ್ಲ, ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರದಲ್ಲಿ ಇದು ಆಟವಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ವಾದ ಇನ್ನಷ್ಟು ನೇರವಾಗಿ ತಟ್ಟುತ್ತದೆ. ಸಿಸ್ಟಮ್ ಈವೆಂಟ್ಸ್‌ನ ಕೀಸ್ಟ್ರೋಕ್ ಆಜ್ಞೆ ಪಠ್ಯವನ್ನು ನಮೂದಿಸುವುದಿಲ್ಲ, ಆ ಹೊತ್ತಿನ ಕೀಬೋರ್ಡ್ ವಿನ್ಯಾಸದ ಕೀಲಿಗಳನ್ನು ಒತ್ತಿದಂತೆ ಮಾಡುತ್ತದೆ. ಇಂಗ್ಲಿಷ್ ವಿನ್ಯಾಸದಲ್ಲಿರುವಾಗ ಅದರ ಕೈಗೆ ಕನ್ನಡ ವಾಕ್ಯ ಕೊಟ್ಟರೆ ಬರುವುದು ಕನ್ನಡವಲ್ಲ. ಕನ್ನಡ ವಿನ್ಯಾಸದಲ್ಲಿರುವಾಗ ಇಂಗ್ಲಿಷಿನ ಶಾರ್ಟ್‌ಕಟ್ ಕೀಲಿಗಳೂ ಹಾದಿ ತಪ್ಪಬಹುದು. ಆಪಲ್‌ಸ್ಕ್ರಿಪ್ಟ್ ಮಾತ್ರ 2007ರ ಲೆಪರ್ಡ್‌ನಲ್ಲಿ ಬಂದ 2.0 ಆವೃತ್ತಿಯಿಂದ ಪೂರ್ತಿ ಯೂನಿಕೋಡ್. ಡಿಕ್ಷನರಿ ಇರುವ ಆ್ಯಪ್‌ನಲ್ಲಿ ಪಠ್ಯವನ್ನು ನೇರವಾಗಿ ದಾಖಲೆಗೆ ಒಪ್ಪಿಸಿದರೆ ಒತ್ತಕ್ಷರ, ದೀರ್ಘ ಎಲ್ಲವೂ ಸರಿಯಾಗಿ ಕೂರುತ್ತವೆ. ಡಿಕ್ಷನರಿ ಇಲ್ಲದ ಆ್ಯಪ್‌ನಲ್ಲಿ ಕ್ಲಿಪ್‌ಬೋರ್ಡಿಗೆ ಇಟ್ಟು ಪೇಸ್ಟ್ ಮಾಡಿಸಬಹುದು. ಕನ್ನಡ ಬರುವುದೇ ಇಲ್ಲ ಎಂದು ಕೈಬಿಟ್ಟ ಎಷ್ಟೋ ಸ್ಕ್ರಿಪ್ಟುಗಳು ಇಷ್ಟರಿಂದಲೇ ಬದುಕುತ್ತವೆ.

ಕ್ಲಿಕ್ ಬಿಟ್ಟರೆ ಬೇರೆ ಗತಿಯೇ ಇಲ್ಲದ ಆ್ಯಪ್‌ಗಳು ಉಳಿದೇ ಉಳಿಯುತ್ತವೆ. ಅಲ್ಲಿಯೂ ಬರೆಯುವ ಕ್ರಮದಲ್ಲಿ ವ್ಯತ್ಯಾಸವಿದೆ. ಬಟನ್ನನ್ನು ಎರಡನೆಯದು, ಮೂರನೆಯದು ಎಂದು ಎಣಿಸದೆ ಅದರ ಹೆಸರಿನಿಂದ ಅಥವಾ ವಿವರಣೆಯಿಂದ ಹುಡುಕಿಸಬೇಕು. ಎರಡು ಸೆಕೆಂಡು ಕಾಯುವ ಬದಲು ಆ ವಿಂಡೊ ಕಾಣಿಸುವವರೆಗೆ ಕಾಯಿಸಿ, ಇಷ್ಟು ಹೊತ್ತಾದರೂ ಬರದಿದ್ದರೆ ನಿಲ್ಲಿಸಬೇಕು. ದೋಷವನ್ನು ಟ್ರೈ ಆವರಣದಲ್ಲಿ ನುಂಗಿಸಿ ಸದ್ದಡಗಿಸುವುದಂತೂ ಕೂಡದು, ಮೌನವಾಗಿ ತಪ್ಪು ಮಾಡುವ ಸ್ಕ್ರಿಪ್ಟ್ ನಿಂತುಹೋದ ಸ್ಕ್ರಿಪ್ಟಿಗಿಂತ ಅಪಾಯಕಾರಿ. ಪರದೆಯನ್ನು ಮುಟ್ಟುವ ಇಂಥ ಸಾಲುಗಳನ್ನೆಲ್ಲ ಒಂದೇ ಹ್ಯಾಂಡ್ಲರ್‌ನಲ್ಲಿ ಒಟ್ಟಿಗಿಟ್ಟು, ಇಡೀ ಸ್ಕ್ರಿಪ್ಟಿನ ಸಾದಾ ಪಠ್ಯ ರೂಪದ ಪ್ರತಿಯೊಂದನ್ನು ಅಪ್‌ಡೇಟ್‌ಗೆ ಮುಂಚೆಯೇ ಪಕ್ಕಕ್ಕಿಟ್ಟುಕೊಂಡರೆ, ಆ್ಯಪ್ ಕಾಣೆಯಾದ ದಿನವೂ ಅದನ್ನು ಇಂಗ್ಲಿಷ್ ಪದಗಳಲ್ಲೇ ಓದಬಹುದು, ತಿದ್ದಬೇಕಾದ ಜಾಗವೂ ಒಂದೇ ಇರುತ್ತದೆ.