ಬೀಟಲ್ ಎಂಜಿನ್ನಿನ ತಾಪವೂ ಒಂದು ಕೈಪಿಡಿಯೂ

ಎಂಜಿನಿಯರ್ ಜಾನ್ ಮ್ಯೂರ್ ಅವರು 1969ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಫೋಕ್ಸ್‌ವ್ಯಾಗನ್ ಕೈಪಿಡಿಯು ಯಂತ್ರಜ್ಞಾನವನ್ನು ಸಾಮಾನ್ಯನ ಕೈಗೆಟುಕಿಸಿತೆಂಬುದು ನಿರ್ವಿವಾದ. ಆದರೆ ಅದನ್ನು ಆಕರವಾಗಿ ಬಳಸುವವನು ಕಾಲವಿವೇಚನೆಯನ್ನು ಮರೆಯಲಾಗದು. ಗಾಳಿಯಿಂದ ತಣಿಯುವ ಬೀಟಲ್ ಕಾರಿನ ಹಳೆಯ ಎಂಜಿನ್ನಿನಲ್ಲಿ ಎಣ್ಣೆಯನ್ನು ತಣಿಸುವ ಸಾಧನವು ಫ್ಯಾನಿನ ಗಾಳಿಗೆ ಅಡ್ಡ ನಿಂತುದರಿಂದ ಮೂರನೆಯ ಸಿಲಿಂಡರು ಹೆಚ್ಚು ಕಾಯುತ್ತಿತ್ತು. 1971ರ ಮಾದರಿಯಲ್ಲಿ ಆ ಸಾಧನಕ್ಕೆ ಪ್ರತ್ಯೇಕ ಗಾಳಿಮಾರ್ಗ ಒದಗಿತು. ಕೈಪಿಡಿಯ ಮೊದಲ ಮುದ್ರಣವು ಈ ಸುಧಾರಣೆಗಿಂತ ಹಿಂದಿನದು. ಹಳೆಯದರಲ್ಲಿ ಆ ಸಿಲಿಂಡರಿನ ಕವಾಟ ಸುಟ್ಟರೆ ರಚನೆಯನ್ನು ಶಂಕಿಸಬಹುದು. ಹೊಸದರಲ್ಲಿ ಬೇರೆ ಕಾರಣವನ್ನೂ ಅರಸಬೇಕು. ಬಿಸಿಗಾಳಿಯನ್ನು ತಡೆಯುವ ತಗಡು, ರಬ್ಬರ್ ಪಟ್ಟಿಗಳನ್ನು ಕಾಪಾಡುವುದು, ಫ್ಯಾನಿನ ಬೆಲ್ಟು ಹರಿದೊಡನೆ ಎಂಜಿನ್ ನಿಲ್ಲಿಸುವುದು, ಇವು ಎರಡಕ್ಕೂ ಸಲ್ಲುವ ವಿಧಿಗಳು. ಉಳಿದೆಡೆ ಮುದ್ರಣದ ವರ್ಷವನ್ನೂ ಎಂಜಿನ್ನಿನ ವರ್ಷವನ್ನೂ ಹೋಲಿಸದೆ ಓದಿದವನಿಗೆ ಉತ್ತಮ ಗ್ರಂಥವೂ ಹಾನಿಯನ್ನೇ ತಂದೀತು.